ಅಂತರರಾಷ್ಟ್ರೀಯ ವಿನಿಯಮ

ತುರ್ವಿಹಾಳದಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುವ ಕೆಲಸಕ್ಕೆ ನಾನು ಸೇರಿ ಹನ್ನೊಂದು ವರ್ಷವಾಗಿತ್ತು. ಮನೆ ಸಿಂಧನೂರಿನಲ್ಲಿ. ಮಧ್ಯಾಹ್ನದ ಬಸ್ಸಿಗೆ ಹೋಗಿ, ಸಮುದಾಯ ಭವನದ ಬೀಗ ತೆಗೆದು, ಕಸ ಗುಡಿಸಿ, ಚಾಪೆ ಹಾಸಿ ಕೂರುತ್ತಿದ್ದೆ. ಹೆಣ್ಣುಮಕ್ಕಳು ಹೊಲದಿಂದ ಬಂದರೆ ಪಾಠ. ಬರದಿದ್ದರೆ ಚಾಪೆ ಸುತ್ತಿಟ್ಟು ಐದೂವರೆ ಬಸ್ಸಿಗೆ ವಾಪಸ್. ಹನ್ನೊಂದು ವರ್ಷದಲ್ಲಿ ಈ ಕೆಲಸವನ್ನು ನೋಡಲು ಯಾರೂ ಬಂದಿರಲಿಲ್ಲ. ನೋಡುವಂಥದ್ದು ಏನಿದೆ ಎಂದು ನನಗೂ ಅನಿಸಿರಲಿಲ್ಲ.

ಒಂದು ದಿನ ನಮ್ಮ ಸಾಹೇಬರ ಫೋನ್ ಬಂತು. ನಮ್ಮ ಸುತ್ತಿನ ಇಂಥ ಕೇಂದ್ರಗಳೆಲ್ಲ ಅವರ ಉಸ್ತುವಾರಿಯಲ್ಲಿದ್ದವು. ಕೂರುವುದು ಲಿಂಗಸುಗೂರಿನಲ್ಲಿ.

"ಫಿನ್ಲೆಂಡಿನಿಂದ ಒಬ್ಬ ಮೇಡಂ ಬರಾಕತ್ತ್ಯಾರ. ಅವರೂ ನಿಮ್ಮಂಗ ದೊಡ್ಡವರಿಗೆ ಕಲಿಸೋರು. ಮೊದಲ ಅವರು ಬಂದು ನಮ್ಮದು ನೋಡ್ತಾರ. ಆಮ್ಯಾಲ ನಮ್ಮೋರು ಹೋಗಿ ಅವರದು ನೋಡ್ತಾರ. ಇದಕ್ಕ ಅಂತರರಾಷ್ಟ್ರೀಯ ವಿನಿಮಯ ಅಂತಾರ."

"ನಮ್ಮದು ಏನು ನೋಡ್ತಾರ್ರಿ?"

"ಅದನ್ನ ಈಗ ತಯಾರ ಮಾಡಬೇಕು," ಎಂದರು.

ತಯಾರಿಯ ಮೊದಲ ಹೆಜ್ಜೆಯಾಗಿ ಸಾಹೇಬರು ನನ್ನ ತರಗತಿಗೆ ಬಂದರು. ಕಾಲುವೆಗೆ ನೀರು ಬಿಟ್ಟಿದ್ದರು, ಊರೆಲ್ಲ ನಾಟಿಗೆ ಹೋಗಿತ್ತು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರಿದ್ದವು, ಚಾಪೆಯ ಮೇಲೆ ಐವರಿದ್ದರು. ಆ ಐವರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಮಲಗಲು ಬಂದವರು. ಸಾಹೇಬರು ಎದುರಿಗಿದ್ದವಳ ಪುಸ್ತಕ ತೆರೆದು ಓದಲು ಹೇಳಿದರು. ಅವಳು "ಎಮ್ಮೆ" ಎಂದಳು. ಅಕ್ಷರದ ಪಕ್ಕದಲ್ಲಿ ಎಮ್ಮೆಯ ಚಿತ್ರವಿತ್ತು. ಸಾಹೇಬರು ಪುಟ ತಿರುವಿ, ಚಿತ್ರದ ಮೇಲೆ ಅಂಗೈ ಇಟ್ಟು, "ಈಗ ಓದವ್ವ" ಎಂದರು. ಅವರು ಕೈ ತೆಗೆಯುವುದನ್ನು ಅವಳು ಕಾಯುತ್ತ ಕೂತಳು. ಕೊನೆಗೆ ಸಾಹೇಬರೇ ಕೈ ತೆಗೆದರು.

ಹೊರಗೆ ಜೀಪಿನ ಹತ್ತಿರ ನಿಂತು ಅವರು ಮೆತ್ತಗೆ ಹೇಳಿದರು. "ಇವರನ್ನ ಆ ಮೇಡಂ ಮುಂದ ಕೂಡ್ಸಿದ್ರ, ಹನ್ನೊಂದು ವರ್ಷ ಏನ್ ಮಾಡೀರಿ ಅಂತ ಕೇಳ್ತಾರ. ನೀವೇನು ಹೇಳ್ತೀರಿ?"

ಹಾಗಾಗಿ ಅವರು ಹೇಳಿದ್ದಕ್ಕೆ ಒಪ್ಪಿದೆ.

ಅವರು ಹೇಳಿದ್ದು ಇಷ್ಟು. ಕಾರ್ಯಕ್ರಮ ಲಿಂಗಸುಗೂರಿನ ಒಂದು ಸಭಾಂಗಣದಲ್ಲಿ ನಡೆಯುತ್ತದೆ. ಬಿ.ಎಡ್. ಓದುವ ಎಂಟು ಹುಡುಗಿಯರನ್ನು ಇಳಕಲ್ ಸೀರೆ ಉಡಿಸಿ ಕೂರಿಸಲಾಗುತ್ತದೆ. ಮೇಡಂ ಮಟ್ಟಿಗೆ ಅವರು ಒಂದು ವರ್ಷದ ಹಿಂದೆ ಅಕ್ಷರ ಗೊತ್ತಿಲ್ಲದವರು, ಈಗ ನಿಧಾನಕ್ಕೆ ಓದುತ್ತಾರೆ. ನಿಧಾನಕ್ಕೆ ಓದುವುದನ್ನು ಅವರಿಗೆ ನಾನು ಕಲಿಸಬೇಕು.

ಎರಡು ದಿನ ಕಲಿಸಿದೆ. ಓದು ಬರುವವರಿಗೆ ಬಾರದಂತೆ ಓದಲು ಕಲಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹುಡುಗಿಯರ ಕಣ್ಣು ಶಬ್ದದ ಮೇಲೆ ಬಿದ್ದ ಕೂಡಲೇ ಬಾಯಿ ಅದನ್ನು ಅಂದುಬಿಡುತ್ತಿತ್ತು. "ಬೆರಳಿಟ್ಟು ಓದ್ರಿ, ಒತ್ತಕ್ಷರ ಬಂದಾಗ ನಿಲ್ರಿ," ಎಂದು ಹೇಳಿಕೊಟ್ಟೆ.

"ಎಷ್ಟು ಹೊತ್ತು ನಿಲ್ಲಬೇಕ್ರಿ ಟೀಚರ್?" ಎಂದು ಒಬ್ಬಳು ಕೇಳಿ, ನೋಟುಬುಕ್ಕು ತೆಗೆದು ಬರೆದುಕೊಳ್ಳಲು ಕೂತಳು. ಎರಡು ಉಸಿರಿನಷ್ಟು ಎಂದೆ. ಬರೆದುಕೊಂಡಳು.

ನನ್ನ ಹತ್ತಿರ ಅಸಲಿಗೆ ಕಲಿಯುವವರಲ್ಲಿ ಲಿಂಗಸುಗೂರಿಗೆ ಬಂದದ್ದು ಒಬ್ಬಳೇ, ಅದೂ ಚಹಾ ಮಾಡಲು. ಅವಳಿಗೆ ಐವತ್ತರ ಆಸುಪಾಸು. ಮದುವೆಗಳಲ್ಲಿ ನೂರಾರು ಜನಕ್ಕೆ ಚಹಾ ಕಾಸುವುದರಲ್ಲಿ ಎತ್ತಿದ ಕೈ. ಎರಡು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದಳು. ಬರಲು ಕಾರಣ ಒಂದು ಬಸ್ಸು. ತಂಗಿಯ ಮನೆ ಮಸ್ಕಿಯಲ್ಲಿ. ಯಾರೋ ಅವಳಿಗೆ "ಮ" ಅಕ್ಷರ ತೋರಿಸಿ, ಬೋರ್ಡಿನಲ್ಲಿ ಇದಿದ್ದರೆ ಹತ್ತು ಎಂದಿದ್ದರು. ಸಿಂಧನೂರಿನ ನಿಲ್ದಾಣದಲ್ಲಿ ಹಾಗೇ ಹತ್ತಿದಳು. ಇಳಿದದ್ದು ಮಾನ್ವಿಯಲ್ಲಿ. ಮರುವಾರ ನನ್ನ ತರಗತಿಗೆ ಬಂದು, "ಅಕ್ಕೋರೆ, ಒಂದಕ್ಷರ ಸಾಲಂಗಿಲ್ಲ. ಪೂರಾ ಕಲಸ್ರಿ," ಎಂದಳು. ಅಂದಿನಿಂದ ಅವಳು ಯಾವುದನ್ನೂ ಅರ್ಧ ಓದಿ ಬಿಟ್ಟವಳಲ್ಲ. ಒಂದು ಸಾಲಿಗೆ ಅರ್ಧ ಗಂಟೆಯಾದರೂ ಸರಿ, ಪ್ರತಿ ಅಕ್ಷರಕ್ಕೂ ಬೆರಳಿಡುತ್ತಿದ್ದಳು.

ಮೇಡಂ ಬಂದರು. ಅರವತ್ತರ ಹತ್ತಿರದವರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕತ್ತರಿಸಿದ ಬಿಳಿ ಕೂದಲು. ಬರುವ ಮುಂಚೆ ಕನ್ನಡದ ಮೂರು ಶಬ್ದ ಕಲಿತಿದ್ದರು. ನಮಸ್ಕಾರ, ಛಲೋ, ಸಾಕು. ಮಂಡಕ್ಕಿ ಒಗ್ಗರಣಿ ಮತ್ತು ಮಿರ್ಚಿ ಬಂದಾಗ ಮೂರನೆಯದು ಉಪಯೋಗಕ್ಕೆ ಬಂತು. ಆದರೂ ಮಿರ್ಚಿ ಹಾಕುತ್ತಲೇ ಇದ್ದರು. ಅನುವಾದಕ್ಕೆಂದು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರೊಬ್ಬರನ್ನು ಕರೆಸಿದ್ದರು. ಮೇಡಂ ಉದ್ದಕ್ಕೆ ಮಾತಾಡಿದರೆ ಅವರು ಚುಟುಕಾಗಿ ಹೇಳುತ್ತಿದ್ದರು, ಸಾಹೇಬರು ಚುಟುಕಾಗಿ ಮಾತಾಡಿದರೆ ಉದ್ದಕ್ಕೆ.

ಸನ್ಮಾನ, ಸ್ವಾಗತ ಭಾಷಣ ಮುಗಿದು ಪಾಠ ಶುರುವಾಯಿತು. ಹುಡುಗಿಯರು ಓದಲು ಬಾರದಂತೆ ಚೆನ್ನಾಗಿ ಓದಿದರು. ಎರಡು ಉಸಿರು ನಿಲ್ಲಲು ಹೇಳಿದ್ದಲ್ಲಿ ಒಬ್ಬಳು ನಾಲ್ಕು ಉಸಿರು ನಿಂತಳು. ಸಾಹೇಬರು ತಲೆದೂಗಿದರು. ಮೇಡಂ ಕುರ್ಚಿ ಬಿಟ್ಟು ಚಾಪೆಯ ಮೇಲೆ ಅವರ ನಡುವೆ ಕೂತು, ಒಬ್ಬಳಿಗೆ ಹೆಸರು ಬರೆಯಲು ಹೇಳಿದರು. ಅವಳು ನಾನು ಕಲಿಸಿದಂತೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಅಕ್ಷರ ಸೊಟ್ಟ ಮಾಡಿ ಬರೆದಳು. ಬರೆದು ಮುಗಿಸಿದ ಮೇಲೆ ಸಹಿ ಮಾಡುವ ರೂಢಿಯಂತೆ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕೆ ಇಟ್ಟಳು. ಮೇಡಂ ಆ ಚುಕ್ಕೆಗಳನ್ನು ನೋಡಿ, "ಛಲೋ" ಎಂದರು.

ಆಗ ಚಹಾ ಬಂತು.

ನಮ್ಮವಳು ಟ್ರೇ ಹಿಡಿದು ಒಳಗೆ ಬಂದವಳು ವೇದಿಕೆಯ ಹತ್ತಿರ ನಿಂತಳು. ಅಲ್ಲಿ ಗೋಡೆಯ ತುಂಬ ಬ್ಯಾನರ್ ಕಟ್ಟಿದ್ದರು. ಅವಳ ತುಟಿ ಅಲ್ಲಾಡುವುದು ನನಗೆ ಕಂಡಿತು. ಆ ಮುಖ ನನಗೆ ಗೊತ್ತಿತ್ತು. ಸಾಲು ಮುಗಿಯುವ ತನಕ ಅವಳು ಅಲ್ಲಿಂದ ಕದಲುವವಳಲ್ಲ.

"ಚಹಾ ಆರಾಕತ್ತೈತಿ ನೋಡವ್ವ," ಎಂದರು ಸಾಹೇಬರು.

ಅವಳು ಸಾಲು ಮುಗಿಸಿ ನನ್ನ ಕಡೆ ತಿರುಗಿದಳು. ಮದುವೆ ಮನೆಯಲ್ಲಿ ಮಾತಾಡಿ ರೂಢಿಯಾದ ದನಿ, ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. "ಅಕ್ಕೋರೆ, ವಿನಿಯಮ ಅಂದ್ರೇನ್ರಿ?"

"ವಿನಿಮಯ," ಎಂದೆ. "ಅವರದು ನಾವು ತಗೊಳ್ಳೋದು, ನಮ್ಮದು ಅವರಿಗೆ ಕೊಡೋದು."

"ಅದಲ್ರಿ. ಇಲ್ಲಿ ವಿನಿಯಮ ಐತಿ."

"ವಿನಿಮಯನ ಐತಿ ಬಿಡು," ಎಂದರು ಸಾಹೇಬರು, ಬ್ಯಾನರಿನ ಕಡೆ ತಿರುಗದೆ.

"ಇಲ್ರಿ ಸಾಹೇಬ್ರ. ವಿ, ನಿ, ಯ, ಮ. ಯ ಮೊದಲ ಐತಿ, ಮ ಆಮ್ಯಾಲ ಐತಿ."

ಎಲ್ಲರೂ ತಿರುಗಿ ನೋಡಿದೆವು. ಯ ಮೊದಲಿತ್ತು, ಮ ಆಮೇಲಿತ್ತು. ಅಷ್ಟು ದೊಡ್ಡ ಅಕ್ಷರಗಳು ಬೆಳಿಗ್ಗೆಯಿಂದ ನಮ್ಮ ತಲೆಯ ಮೇಲಿದ್ದವು. ಬರೆಸಿದ ಸಾಹೇಬರು ನೋಡಿದ್ದರು, ಕಟ್ಟಿಸಿದ ನಾನು ನೋಡಿದ್ದೆ, ಉಪನ್ಯಾಸಕರು ನೋಡಿದ್ದರು, ಎಂಟು ಹುಡುಗಿಯರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ನಾವೆಲ್ಲ ಓದು ಬರುವವರು. ಅಲ್ಲಿ ಏನಿರಬೇಕಿತ್ತೋ ಅದನ್ನು ಓದಿಕೊಂಡು ಮುಂದೆ ಹೋಗಿದ್ದೆವು. ಅಲ್ಲಿ ಏನಿದೆಯೋ ಅದನ್ನು ಓದಿದವಳು ಅವಳೊಬ್ಬಳೇ.

ಮೇಡಂ ಏನೆಂದು ಕೇಳಿದರು. ಉಪನ್ಯಾಸಕರು ಸ್ವಲ್ಪ ಯೋಚಿಸಿ, ಅವಳು ಸಕ್ಕರೆಯ ಬಗ್ಗೆ ಕೇಳುತ್ತಿದ್ದಾಳೆ ಎಂದರು. ಮೇಡಂ ನನ್ನನ್ನು ನೋಡಿದರು. ನನ್ನದು ಪಿಯುಸಿ ಇಂಗ್ಲಿಷು. ಅವರಿಗೂ ಅದು ಮನೆಭಾಷೆಯಲ್ಲ, ಹೀಗಾಗಿ ನಮ್ಮಿಬ್ಬರ ಇಂಗ್ಲಿಷೂ ಸುಮಾರು ಒಂದೇ ಅಳತೆಯದು. ಬ್ಯಾನರಿನಲ್ಲಿ ತಪ್ಪಿದೆ, ಅದನ್ನು ಈಕೆ ಕಂಡುಹಿಡಿದಳು ಎಂದೆ. ಈಕೆ ಯಾರು ಎಂದು ಕೇಳಿದರು. ನನ್ನ ವಿದ್ಯಾರ್ಥಿನಿ ಎಂದೆ. ಹಾಗೆ ಹೇಳುವಾಗ ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹಾಗಾದರೆ ಇವರು, ಎಂದು ಅವರು ಹುಡುಗಿಯರ ಕಡೆ ನೋಡಿದರು. ಹುಡುಗಿಯರು ಪುಸ್ತಕ ನೋಡಿದರು, ಕೆಲವರು ತಲೆಕೆಳಗಾಗಿ ಹಿಡಿದು.

ಮೇಡಂ ಅದನ್ನು ಅಲ್ಲಿಗೇ ಬಿಟ್ಟರು. ಟ್ರೇಯಿಂದ ಲೋಟ ತೆಗೆದುಕೊಂಡು, ಬ್ಯಾನರ್ ಪೂರ್ತಿ ಓದಬಹುದೇ ಎಂದು ನನ್ನ ಮೂಲಕ ನಮ್ಮವಳನ್ನು ಕೇಳಿದರು. ಅವಳು ಟ್ರೇ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಓದಿದಳು. ಸ್ಥಳ, ವೇಳೆ, ಸಾಹೇಬರ ಹೆಸರು, ಅವರ ಹುದ್ದೆ, ಕೊನೆಗೆ ಮೂಲೆಯಲ್ಲಿದ್ದ ಪ್ರಿಂಟಿಂಗ್ ಅಂಗಡಿಯ ಹೆಸರು. "ಷ್ಟ್ರೀ" ಅವಳಿಗೆ ಬರಲಿಲ್ಲ. "ಇದು ಒಂದ್ರ ಮ್ಯಾಲ ಒಂದು ಕುಂತಾವ, ಆಮ್ಯಾಲ ನೋಡ್ತೀನಿ," ಎಂದು ದಾಟಿದಳು. ಬಹಳ ಹೊತ್ತು ಹಿಡಿಯಿತು. ಚಹಾ ಆರಿತು. ಯಾರೂ ಏಳಲಿಲ್ಲ.

ಆಮೇಲಿನ ಗುಂಪು ಫೋಟೋದಲ್ಲಿ ಸಾಹೇಬರು ಆ ಎರಡು ಅಕ್ಷರ ಮರೆಯಾಗುವಂತೆ ನಿಲ್ಲಲು ನೋಡಿದರು. ಎತ್ತರ ಸಾಲಲಿಲ್ಲ. ಕೊನೆಗೆ ಮೇಡಂ ಅವರೇ ಅಲ್ಲಿ ನಿಲ್ಲಬೇಕಾಯಿತು.

ಸಂಜೆ ಜೀಪಿನಲ್ಲಿ ಸಿಂಧನೂರಿಗೆ ಬರುವಾಗ ನಾನು ಮೇಡಂ ಪಕ್ಕದಲ್ಲಿದ್ದೆ. ಸಾಹೇಬರು ಮುಂದೆ ಕೂತು ನಿದ್ದೆ ಹೋಗಿದ್ದರು, ಅಥವಾ ನಿದ್ದೆ ಬಂದವರಂತೆ ಕೂತಿದ್ದರು. ಆ ಹುಡುಗಿಯರು ಮುಂದೆ ಟೀಚರ್ ಆಗುವವರು ಎಂದು ಹೇಳಿಬಿಟ್ಟೆ. ಗೊತ್ತು ಎಂದರು. ನನ್ನ ಬಲಗೈ ತೆಗೆದುಕೊಂಡು ನಡುಬೆರಳಿನ ತುದಿಯ ಹತ್ತಿರ ಮುಟ್ಟಿದರು. ಅಲ್ಲಿ ಪೆನ್ನು ಹಿಡಿದು ಹಿಡಿದು ಆದ ಗಂಟಿತ್ತು. ಅವರ ಬೆರಳಲ್ಲೂ ಇತ್ತು. ಎಂಟೂ ಹುಡುಗಿಯರ ಬೆರಳಲ್ಲಿತ್ತಂತೆ.

ಸಿಟ್ಟು ಬಂದಿದೆಯೇ ಎಂದು ಕೇಳಿದೆ. ಅವರು ತಮ್ಮ ಊರಿನ ಒಬ್ಬ ಮನುಷ್ಯನ ಕತೆ ಹೇಳಿದರು. ವರ್ಷಪೂರ್ತಿ ತಪ್ಪದೆ ತರಗತಿಗೆ ಬರುತ್ತಿದ್ದನಂತೆ, ಓದು ಎಂದಾಗಲೆಲ್ಲ ಕನ್ನಡಕ ಮರೆತು ಬಂದಿದ್ದೇನೆ ಎನ್ನುತ್ತಿದ್ದನಂತೆ. ಅವನ ಹತ್ತಿರ ಕನ್ನಡಕವೇ ಇರಲಿಲ್ಲ. ಆಮೇಲೆ ಏನಾಯಿತು ಎಂದೆ. ಕನ್ನಡಕ ಕೊಂಡನು ಎಂದರು. ಓದಿದನೇ ಎಂದೆ. ಇಲ್ಲ, ಮೇಡಂ ಅವರ ತಂಗಿಯನ್ನು ಮದುವೆಯಾದನಂತೆ.

ಮರುದಿನ ಮೇಡಂ ತುರ್ವಿಹಾಳಕ್ಕೆ ಬಂದರು. ಸುದ್ದಿ ಹಬ್ಬಿ ಹದಿನಾಲ್ಕು ಜನ ಬಂದಿದ್ದರು, ಕೆಲವರ ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು. ಎಮ್ಮೆ ಓದಿದವಳು ಈ ಸಲವೂ ಎಮ್ಮೆ ಓದಿದಳು. ಹನ್ನೊಂದು ವರ್ಷ ಏನು ಮಾಡಿದೆ ಎಂದು ಮೇಡಂ ಕೇಳಲಿಲ್ಲ. ಚಾಪೆ ಯಾರು ಹಾಸುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಯಾರೂ ಬರದ ದಿನ ನಾನು ಏನು ಮಾಡುತ್ತೇನೆ, ಇಷ್ಟೇ ಕೇಳಿದರು. ಕೊನೆಯದನ್ನು ನನಗೆ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಬಸ್ಸು ಬರುವ ತನಕ ಕೂತಿರುತ್ತೇನೆ ಎಂದೆ. ತಾವೂ ಹಾಗೇ ಕೂತಿರುವುದುಂಟು ಎಂದರು.

ಕೊನೆಯ ದಿನ ಮಸ್ಕಿ. ಬೆಟ್ಟದ ಮೇಲಿನ ಶಾಸನ ತೋರಿಸುವುದು ಸಾಹೇಬರ ಕಾರ್ಯಕ್ರಮದಲ್ಲಿತ್ತು. ನಮ್ಮವಳೂ ಬರಬೇಕೆಂದು ಮೇಡಂ ಕೇಳಿಕೊಂಡಿದ್ದರಿಂದ ಅವಳೂ ಬಂದಳು, ಹೇಗೂ ತಂಗಿಯ ಊರು. ಸಾಹೇಬರು ಕಲ್ಲಿನ ಮುಂದೆ ನಿಂತು ಬಹಳ ಹೊತ್ತು ವಿವರಿಸಿದರು. ಅವಳು ಕಲ್ಲಿನ ಹತ್ತಿರ ಬಗ್ಗಿ ನೋಡಿದಳು.

"ಇದು ನಮ್ಮ ಅಕ್ಷರ ಅಲ್ಲಲ್ರಿ."

"ಅಲ್ಲ. ಭಾಳ ಹಳೇದು," ಎಂದರು ಸಾಹೇಬರು.

"ನಿಮಗ ಬರ್ತೈತೇನ್ರಿ ಓದಾಕ?"

"ನನಗ ಬರಂಗಿಲ್ಲ. ಅದಕ್ಕ ಬ್ಯಾರೆ ಮಂದಿ ಅದಾರ."

"ಅಕ್ಕೋರಿಗೆ?"

ಇಲ್ಲ ಎಂದೆ. ಅವಳು ಮೇಡಂ ಕಡೆ ನೋಡಿದಳು, ಉಪನ್ಯಾಸಕರ ಕಡೆ ನೋಡಿದಳು, ಇಬ್ಬರೂ ತಲೆ ಅಲ್ಲಾಡಿಸಿದರು. "ಹಂಗಾರ ಆ ಮಂದಿ ಬರೋತನಕ ಬೋರ್ಡ್ ಓದೂಣು," ಎಂದು ಪಕ್ಕದ ಫಲಕದ ಮುಂದೆ ಹೋಗಿ ಬೆರಳಿಟ್ಟಳು. ನಾವು ನಾಲ್ವರೂ ಬಿಸಿಲಿನಲ್ಲಿ ನಿಂತಿದ್ದೆವು.

ಫಿನ್ಲೆಂಡಿಗೆ ಹೋಗಿ ನೋಡುವ ಪಾಳಿ ಯಾರದು ಎಂಬ ಪ್ರಶ್ನೆ ಆಮೇಲೆ ಬಂತು. ಸಾಹೇಬರು ತಮ್ಮ ಹೆಸರು ಕಳಿಸಿದ್ದರು. ಪಾಠ ಮಾಡುವವರು ಬರಬೇಕು ಎಂದು ಅಲ್ಲಿಂದ ಉತ್ತರ ಬಂತು. ಸಾಹೇಬರು ನನ್ನ ಹೆಸರು ಕಳಿಸಿ, ಫೋನ್ ಮಾಡಿ, "ಚಳಿ ಭಾಳ ಅಂತ, ಸ್ವೆಟರ್ ತಗೊಂಡು ಹೋಗ್ರಿ," ಎಂದರು. ಅವರು ಕೆಟ್ಟ ಮನುಷ್ಯರಲ್ಲ. ತಮ್ಮದೇ ಮಫ್ಲರನ್ನೂ ಕೊಟ್ಟು ಕಳಿಸಿದರು.

ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ತಡ, ಮತ್ತೆ ಹುಟ್ಟುತ್ತಾನೆ ಎಂದು ಅವರಿಗೆ ಹೇಳಿದೆ.

"ಹಂಗಾರ ಯಾವ ಶಿಫ್ಟ್ ಅನ್ನೋದು ಹೆಂಗ ಗೊತ್ತಾಗ್ತದ?" ಎಂದರು.

"ಗಡಿಯಾರ ಇರ್ತಾವಲ್ರಿ."

"ನಮಗ ಕೆಳಗ ಹುಟ್ಟಂಗೇ ಇಲ್ಲ," ಎಂದು ಡಬ್ಬಿ ತೆಗೆದುಕೊಂಡು ಶಿಫ್ಟಿಗೆ ಹೋದರು. ಒಂಬತ್ತು ದಿನದ ಪರದೇಶ ಪ್ರಯಾಣದ ಬಗ್ಗೆ ನಮ್ಮ ಮನೆಯಲ್ಲಿ ಆದ ಚರ್ಚೆ ಇಷ್ಟೇ.

ಮೇಡಂ ಊರು ನಮ್ಮ ಮಸ್ಕಿಗಿಂತ ಚಿಕ್ಕದು. ಸುತ್ತ ಕಾಡು, ಒಂದು ಕೆರೆ. ದೊಡ್ಡವರು ಕಲಿಯುವ ಕೇಂದ್ರಕ್ಕೆ ಎರಡು ಅಂತಸ್ತು, ಪ್ರತಿ ಬಾಗಿಲಿಗೂ ಬೇರೆ ಬೀಗ. ನಾಲ್ಕು ದಿನ ಒಳಗೆಲ್ಲ ಓಡಾಡಿದೆ. ಒಂದು ಕೋಣೆಯಲ್ಲಿ ನಿವೃತ್ತ ಡಾಕ್ಟರೊಬ್ಬರು ಕಟ್ಟಿಗೆಯ ಚಮಚ ಕೆತ್ತುವುದನ್ನು ಕಲಿಯುತ್ತಿದ್ದರು. ಇನ್ನೊಂದರಲ್ಲಿ ಹೆಂಗಸರು ಹಳೆಯ ಬಟ್ಟೆ ಹರಿದು ಚಾಪೆ ನೇಯುತ್ತಿದ್ದರು. ಮತ್ತೊಂದರಲ್ಲಿ ಹಾಡು. ನಮ್ಮಲ್ಲಿ ಇವೆಲ್ಲ ಯಾರೂ ಕಲಿಸದೆ ಬರುವಂಥವು. ಓದುವುದನ್ನು ಎಲ್ಲಿ ಕಲಿಸುತ್ತೀರಿ ಎಂದು ಕೇಳಿದೆ. ಮೇಡಂ ಮೇಲಿನ ಕೊನೆಯ ಕೋಣೆಗೆ ಕರೆದೊಯ್ದರು.

ಅಲ್ಲಿ ಒಂಬತ್ತು ಜನ ಕೂತಿದ್ದರು. ಬೇರೆ ಬೇರೆ ದೇಶ ಬಿಟ್ಟು ಬಂದವರು, ಅವರಲ್ಲಿ ಕೆಲವರು ಯಾವ ಭಾಷೆಯಲ್ಲೂ ಶಾಲೆ ನೋಡದವರು. ಅವರು ಮೊದಲ ಸಲ ಅಕ್ಷರ ಕಲಿಯುತ್ತಿದ್ದುದೇ ಫಿನ್ಲೆಂಡಿನ ಭಾಷೆಯಲ್ಲಿ. ನನ್ನನ್ನು ಕಿಟಕಿಯ ಹತ್ತಿರ ಅಫ್ಘಾನಿಸ್ತಾನದ ಒಬ್ಬ ಹೆಂಗಸಿನ ಪಕ್ಕ ಕೂರಿಸಿದರು. ಅವಳಿಗೂ ನನಗೂ ಒಂದೇ ವಯಸ್ಸಿರಬೇಕು. ಹಸಿರು ಸ್ಕಾರ್ಫು, ಎದುರಿಗೆ ಚೂಪು ಮಾಡಿದ ಮೂರು ಪೆನ್ಸಿಲ್ಲು.

ಮೇಡಂ ಹೆಸರು ಕೂಗತೊಡಗಿದರು. ಒಂದು ಹೆಸರಿಗೆ ಯಾರೂ ಉತ್ತರಿಸಲಿಲ್ಲ. ನನ್ನ ಪಕ್ಕದವಳು ತನ್ನಷ್ಟಕ್ಕೆ ತಾನು, "ಗೈರ್ ಹಾಜರ್" ಎಂದಳು.

ನಾನು ತಿರುಗಿದೆ. ಹನ್ನೊಂದು ವರ್ಷ ನಾನು ಅತಿ ಹೆಚ್ಚು ಸಲ ಬರೆದ ಶಬ್ದ ಅದು. "ಗೈರ್ ಹಾಜರ್?" ಎಂದೆ. ಅವಳು ನನ್ನನ್ನು ನೋಡಿ, ಖಾಲಿ ಕುರ್ಚಿ ತೋರಿಸಿ, ಮತ್ತೆ ಅಂದಳು. ನಾನು ನನ್ನ ಎದೆ ಮುಟ್ಟಿಕೊಂಡು "ಹಾಜರ್" ಎಂದೆ. ಅವಳೂ ತನ್ನ ಎದೆ ಮುಟ್ಟಿಕೊಂಡು ಹಾಗೇ ಅಂದಳು.

ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದ ಪಾರಸಿ ಮಾತುಗಳು ಅಷ್ಟು ದೂರ ನಡೆಯುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಮೇಜು ಮುಟ್ಟಿ "ಮೇಜು" ಎಂದೆ, ಅವಳು "ಮೇಜ್" ಎಂದಳು. ಕಾಗದ, ಬಾಗಿಲಿಗೆ ದರ್ವಾಜಾ, ಗೋಡೆಗೆ ದಿವಾರ. ಬಾಜಾರ, ದುಕಾನ. ಈರುಳ್ಳಿಗೆ ಪ್ಯಾಜ್ ಎನ್ನುವುದನ್ನು ತಿಳಿಸಲು ನಾನು ಕಣ್ಣು ಒರೆಸಿಕೊಂಡು ತೋರಿಸಬೇಕಾಯಿತು. ಮೇಡಂ ಪಾಠ ನಿಲ್ಲಿಸಿ ಆ ಶಬ್ದಗಳನ್ನೆಲ್ಲ ತಮ್ಮ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದರು. ಅವಳು ಅವನ್ನು ಒಂದೊಂದಾಗಿ ಓದಿದಳು. ತನ್ನ ಮಾತು ಬರಹದಲ್ಲಿ ಹೇಗೆ ಕಾಣುತ್ತದೆ ಎಂದು ಅವಳು ಅದೇ ಮೊದಲು ನೋಡಿದ್ದಂತೆ. ಮೇಡಂ ಆಮೇಲೆ ಹೇಳಿದರು.

ಆದರೆ ಒಂದು ತಪ್ಪಾಯಿತು. ನನಗೆ ತನ್ನ ಭಾಷೆ ಬರುತ್ತದೆ ಎಂದು ಅವಳು ತಿಳಿದಳು. ವಿರಾಮದಲ್ಲಿ ನನ್ನ ಮಣಿಕಟ್ಟು ಹಿಡಿದು ಕಿಟಕಿಯ ಕಡೆಗೆ ಕರೆದೊಯ್ದು ಮಾತಾಡತೊಡಗಿದಳು. ವೇಗವಾಗಿ, ನಡುವೆ ನಿಲ್ಲದೆ, ಬಹಳ ಹೊತ್ತು. ಅತ್ತಳೇ ಎಂದರೆ ಇಲ್ಲ. ಒಂದು ಸಲ ನಕ್ಕಳು. ನನಗೆ ತಿಳಿದದ್ದು "ಜಮೀನ್" ಎಂಬ ಒಂದು ಶಬ್ದ, ಅದು ಎರಡು ಸಲ ಬಂತು. ಅರ್ಥವಾಗಲಿಲ್ಲ ಎಂದು ಹೇಳಬೇಕಿತ್ತು. ಅವಳು ಅಷ್ಟು ದಿನದಲ್ಲಿ ಹಾಗೆ ಮಾತಾಡಿದ್ದನ್ನು ಯಾರೂ ನೋಡಿರಲಿಲ್ಲ ಎಂಬುದು ಕೋಣೆಯಲ್ಲಿದ್ದವರ ಮುಖದಲ್ಲೇ ಕಾಣುತ್ತಿತ್ತು. ನಾನು ತಿಳಿದವಳಂತೆ ತಲೆದೂಗುತ್ತ ನಿಂತೆ. ಅವಳು ಮುಗಿಸಿ, ನನ್ನ ಕೈ ಬಿಟ್ಟು, ಹೋಗಿ ಪೆನ್ಸಿಲ್ ಹಿಡಿದು ಕೂತಳು.

ಊರಿಗೆ ಬಂದು ಮೊದಲ ದಿನ ತುರ್ವಿಹಾಳಕ್ಕೆ ಹೋದಾಗ ಹೆಣ್ಣುಮಕ್ಕಳು ಮೊದಲು ಕೇಳಿದ್ದು ಅಲ್ಲಿ ಏನು ಬೆಳೆಯುತ್ತಾರೆ ಎಂದು. ಹೆಚ್ಚಾಗಿ ಗಿಡಮರ ಎಂದೆ. ಅವರಿಗೆ ಕನಿಕರವಾಯಿತು. ಆಮೇಲೆ ಈ ಹೆಂಗಸಿನ ಕತೆ ಹೇಳಿದೆ.

"ಏನಂದ್ಲಂತ ಗೊತ್ತಾಗಲಿಲ್ಲೇನ್ರಿ?" ಎಂದು ಒಬ್ಬಳು ಕೇಳಿದಳು.

"ಇಲ್ಲ. ಜಮೀನು ಅಂದ್ಲು, ಎರಡು ಸಲ."

"ಹೋಗಿರಬೇಕು ಬಿಡ್ರಿ," ಎಂದಳು ಗೋಡೆಗೆ ಒರಗಿದ್ದವಳು.

"ಹೋಗಿದ್ರ ನಗ್ತಿದ್ಲೇನು? ಅಲ್ಲೆ ಏನರ ಬಿತ್ತ್ಯಾಳ, ಅದನ್ನ ಹೇಳಾಕತ್ತಿರಬೇಕು," ಎಂದಳು ಚಹಾದವಳು. ಇಬ್ಬರಿಗೂ ಸ್ವಲ್ಪ ಹೊತ್ತು ವಾದವಾಯಿತು. ಮಿಕ್ಕವರು ಒಬ್ಬೊಬ್ಬರಾಗಿ ಒಂದೊಂದು ಕಡೆ ಸೇರಿಕೊಂಡರು. ಅವತ್ತು ಪಾಠ ಆಗಲಿಲ್ಲ.

ಯಾವುದು ಸರಿ ಎಂದು ತಿಳಿಯಲು ಮೇಡಂಗೆ ಬರೆದು ಕೇಳಿದೆ. ಆಕೆ ಮಗಳ ಹತ್ತಿರ ಬೇರೆ ಊರಿಗೆ ಹೋದಳು, ಅಲ್ಲಿಯೂ ತರಗತಿಗೆ ಸೇರಿದ್ದಾಳಂತೆ, ಜಮೀನಿನ ವಿಷಯ ತಮಗೂ ಗೊತ್ತಿಲ್ಲ ಎಂದು ಅವರು ಉತ್ತರ ಬರೆದರು.